ಮೆರ್ಲ್ ಮೂಸಿದ ಪುದೀನ

ಗೋಲ್ಬರ್ನ್ ಹೊಳೆದಂಡೆಯ ಆ ಊರಿನಲ್ಲಿ ಮೆರ್ಲ್ ಟ್ರೆವಿನ್ ಮೂಸಿ ತಲೆಯಾಡಿಸದೆ ಯಾರೂ ಕಾಡು ಪುದೀನವನ್ನು ಲೋಟಕ್ಕೆ ಹಾಕುತ್ತಿರಲಿಲ್ಲ. ಎಲೆ ಹಿಡಿದು ಬಂದವರನ್ನು ಮುದುಕಿ ಬಾಗಿಲಲ್ಲೇ ನಿಲ್ಲಿಸಿ, ದಂಟು ಹೊರಳಿಸಿ, ಎಲೆ ಹಿಸುಕಿ ಮೂಸುತ್ತಿದ್ದಳು. "ನಾಯಿಗಿಂತ ನಿನ್ ಮೂಗೇ ಚುರುಕು ಕಣಜ್ಜಿ" ಎಂದು ರೇಗಿಸಿದರೆ, "ನಾಯಿಗೆ ಬಿಸ್ಕತ್ತಾದ್ರೂ ಹಾಕ್ತೀರಿ, ನಂಗೇನು ಹಾಕ್ತೀರಿ?" ಎನ್ನುತ್ತಿದ್ದಳು.

ಆ ಮೂಗಿನ ಹಿಂದೆ ಅಕ್ಕ ಥೆಲ್ಮಾಳ ಸಾವಿತ್ತು. ಬಸುರಿ ಥೆಲ್ಮಾಗೆ ಕೆಮ್ಮು ಹತ್ತಿದಾಗ ಅವ್ವ ಹೊಳೆಯಿಂದ ಒಂದು ಕಟ್ಟು ಸೊಪ್ಪು ಕಿತ್ತು ತಂದಳು. ದಂಟು ಚೌಕವಾಗಿದ್ದರೆ ಪುದೀನವೇ ಎಂದು ಅಲ್ಲಿನ ಹೆಂಗಸರ ನಂಬಿಕೆ. ಪುದೀನದಂತೆಯೇ ಕಾಣುವ ಪೆನ್ನಿರಾಯಲ್ ಎಂಬ ಹಾಳು ಗಿಡದ ದಂಟೂ ಚೌಕವೇ. ಬಸುರಿಗೆ ಅದು ವಿಷ. ಬೇಸಿಗೆಯಾಗಿದ್ದರೆ ಹೂ ನೋಡಿ ಹೇಳಬಹುದಿತ್ತು: ಕಾಡು ಪುದೀನದ್ದು ಬಿಳಿ, ಇದರದ್ದು ನೇರಳೆ ಉಂಡೆ. ಅದು ಚಳಿಗಾಲ. ವಾರವಿಡೀ ಆ ಸೊಪ್ಪಿನ ಕಷಾಯ ಕುಡಿದ ಥೆಲ್ಮಾ ಹೊಟ್ಟೆಯ ಕೂಸಿನೊಂದಿಗೆ ಹೋಗಿಬಿಟ್ಟಳು. ಅವಳ ಲೋಟದ ಘಾಟು ಮಾತ್ರ ಮೆರ್ಲ್‌ಳನ್ನು ಬಿಡಲಿಲ್ಲ. ಹೊಳೆಗೆ ಇಳಿದಾಗಲೆಲ್ಲ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗುತ್ತಿತ್ತು.

ಹೋದ ವರ್ಷದ ಜ್ವರಕ್ಕೆ ಅವಳ ಮೂಗು ಸತ್ತೇಹೋಯಿತು. ಕಾಫಿಯ ವಾಸನೆಯೂ ಇಲ್ಲ, ಸೀಮೆಎಣ್ಣೆಯದ್ದೂ ಇಲ್ಲ. ಯಾರಿಗೂ ಬಾಯಿ ಬಿಡದೆ, ಮೂಸಿದಂತೆ ನಟಿಸಿ, "ಬೇಡ, ಎಸಿ" ಎಂದು ಎಲ್ಲರನ್ನೂ ವಾಪಸು ಕಳಿಸುತ್ತಿದ್ದಳು.

ಅಲ್ಲಿ ಜುಲೈ ಎಂದರೆ ಚಳಿಗಾಲ; ಒಂದು ಬೆಳಿಗ್ಗೆ ಮೆರ್ಲ್ ಮೊಮ್ಮಗಳು ಟ್ಯಾಮ್ಸಿನ್‌ಳ ಮನೆಗೆ ಹೋದರೆ, ತುಂಬು ಬಸುರಿಯಾಗಿದ್ದ ಅವಳು ಕೆಮ್ಮುತ್ತಾ ಪಿಂಗಾಣಿ ಲೋಟ ಹಿಡಿದು ಕೂತಿದ್ದಳು.

"ಎಲ್ಲಿ ಕಿತ್ಯೇ ಇದನ್ನ?"

"ಹಳೇ ಸೇತುವೆ ಕೆಳಗೆ. ನಿನ್ ಹತ್ರ ತಂದ್ರೆ ಎಲ್ಲಾದನ್ನೂ ಎಸಿ ಅಂತೀಯ. ದಂಟು ಚೌಕಾನೇ ಇತ್ತು, ಸುಮ್ನಿರಜ್ಜಿ."

ಲೋಟ ತುಟಿಗೆ ಹೋಯಿತು. ಸತ್ತ ಮೂಗಿಗೆ ಅದೇ ಘಾಟು ಬಡಿಯಿತು, ಥೆಲ್ಮಾಳ ಲೋಟದ್ದು. ಮೆರ್ಲ್ ಕೈ ಬೀಸಿದ ಹೊಡೆತಕ್ಕೆ ಲೋಟ ಗೋಡೆಗೆ ಬಡಿದು ಚೂರಾಯಿತು.

"ತಲೆ ಕೆಟ್ಟಿದ್ಯಾ ನಿಂಗೆ!"

"ವಾಸ್ನೆ ಬಂತು ಮಗಾ, ಅದೇ ವಾಸ್ನೆ" ಎನ್ನುತ್ತಾ ಮುದುಕಿ ನೆಲದಲ್ಲೇ ಕುಸಿದು ಅತ್ತಳು.

ಫೆಬ್ರವರಿಯ ಬೇಸಿಗೆಯಲ್ಲಿ ಟ್ಯಾಮ್ಸಿನ್ ಕೂಸನ್ನು ಎತ್ತಿಕೊಂಡು ಅಜ್ಜಿಯನ್ನು ಹಳೇ ಸೇತುವೆಯ ಕೆಳಗೆ ಕರೆದೊಯ್ದಳು. ಅಲ್ಲಿದ್ದದ್ದೆಲ್ಲ ಬಿಳಿ ಹೂ. ಹುಡುಕಿದರೂ ಒಂದೂ ನೇರಳೆ ಹೂ ಸಿಗಲಿಲ್ಲ.

"ನೋಡ್ದ್ಯಾ? ಅಪ್ಪಟ ಪುದೀನ. ನನ್ ಚೆಂದದ ಲೋಟ ಒಡೆದ್ಯಲ್ಲೇ ಮುದುಕಿ!" ಎಂದು ನಕ್ಕಳು.

ಮೆರ್ಲ್ ಎಲೆ ಹಿಸುಕಿ ಮೂಸಿದಳು. ಏನೂ ಇಲ್ಲ. ಹಾಗಾದರೆ ಆ ದಿನ ಬಂದ ಘಾಟು ಈ ಗಿಡದ್ದಲ್ಲ. ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಹೆದರಿಕೆಯಿಂದ ಅವಳು ತಿರುಗಲಿಲ್ಲ.

"ಈ ಕೂಸು ಉಳೀತು ಕಣೇ ಅಕ್ಕ" ಎಂದಳು ಮೆಲ್ಲಗೆ. "ನೋಡ್ದ್ಯಲ್ಲ, ಇನ್ನಾದ್ರೂ ಹೋಗೇ."

ಕೆಮ್ಮು ನಿಲ್ಲಲಿಲ್ಲ.