ಗಾಜಿನಾಚೆಗೆ ಕೊಟ್ಟ ಮಾತು

ಕ್ರಿಸ್ಟಾ ಲೆಪ್ಪಲಾ ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಆದದ್ದು ಯಾರ ಆಸೆಯಿಂದಲೂ ಅಲ್ಲ. ಅವಳ ಅಣ್ಣಂದಿರಿಗೆ ಪಕ್ ಎಂಬ ರಬ್ಬರಿನ ಬಿಲ್ಲೆ ಹೊಡೆಯಲು ಒಂದು ಗುರಿ ಬೇಕಾಗಿತ್ತು. ಗ್ಯಾರೇಜಿನ ಬಾಗಿಲಿಗೆ ಹೊಡೆದರೆ ಅಪ್ಪ ಬಯ್ಯುತ್ತಿದ್ದ, ತಂಗಿಗೆ ಹೊಡೆದರೆ ಬಯ್ಯುತ್ತಿರಲಿಲ್ಲ. ಸೋಫಾದ ದಿಂಬುಗಳನ್ನು ಬೆಲ್ಟಿನಿಂದ ಕಾಲಿಗೆ ಬಿಗಿದು ಅವಳನ್ನು ನಿಲ್ಲಿಸುತ್ತಿದ್ದರು. ಅವಳು ಅಳುವವಳಲ್ಲ. ಬಂದದ್ದನ್ನೆಲ್ಲ ಹಿಡಿದು ವಾಪಸ್ ಎಸೆದು, "ಇಷ್ಟೇನಾ?" ಎನ್ನುತ್ತಿದ್ದಳು. ಒಮ್ಮೊಮ್ಮೆ ಹಿಡಿಯಲಾಗದೆ ಮೂಗಿಗೆ ತಗುಲಿದರೆ, ರಕ್ತ ಒರೆಸಿಕೊಂಡು ಗಟ್ಟಿಯಾಗಿ ನಗುತ್ತಿದ್ದಳು.

ನಮ್ಮದು ಮಿನ್ನೆಸೋಟದ ಬಡಗಲ ತುದಿಯ ಕಬ್ಬಿಣದ ಗಣಿಯೂರು, ಪಕ್ಕದಲ್ಲೇ ದೊಡ್ಡ ಕೆರೆ. ಅವಳ ಅಪ್ಪ ವೆಸ್ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ತಾಯಿ ಬಿಟ್ಟು ಹೋಗಿದ್ದಳು. ನಾನು ನಮ್ಮ ಯಜಮಾನರು ತೀರಿಕೊಂಡ ಮೇಲೆ ಊರಿನ ಮಂಜುಗಡ್ಡೆಯ ಆಟದಂಗಳವಾದ ಐಸ್ ರಿಂಕ್‌ನ ಕಾಫಿ ಕಿಟಕಿಯಲ್ಲಿ ಕೂತೆ. ಊರಿನ ಮಕ್ಕಳೆಲ್ಲ ನನ್ನನ್ನು ಎಲ್ವಿ ಮುಮ್ಮು ಎನ್ನುತ್ತಾರೆ, ಅಜ್ಜಿ ಎಂದ ಹಾಗೆ. ತಾಯಿಯಿಲ್ಲದ ಹುಡುಗಿ ಆಟ ಮುಗಿಸಿ ಮೊದಲು ಬರುತ್ತಿದ್ದುದು ನನ್ನ ಕಿಟಕಿಗೆ.

ಅವಳು ಹತ್ತನೆಯ ತರಗತಿಗೆ ಬಂದಾಗ, ಸ್ಕಾಲರ್‌ಶಿಪ್ ಕೊಟ್ಟು ತಮ್ಮ ತಂಡಕ್ಕೆ ಸೇರಿಸಿಕೊಳ್ಳಲು ಕಾಲೇಜುಗಳ ಕೋಚ್‌ಗಳು ಬಂದು ನೋಡತೊಡಗಿದರು. ಅವರು ನೋಡಬಹುದು, ಮಾತಾಡಬಾರದು. ಹನ್ನೊಂದನೆಯ ತರಗತಿ ಮುಗಿದು ಜುಲೈ ಬರುವವರೆಗೆ ಆಟಗಾರಳಿಗಾಗಲಿ ಅವಳ ಮನೆಯವರಿಗಾಗಲಿ ಫೋನು ಮಾಡುವಂತಿಲ್ಲ. ಎದುರು ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗಬೇಕು. ಮಾತಾಡಿಸಿದ್ದು ಗೊತ್ತಾದರೆ ಕಾಲೇಜಿಗೂ ತೊಂದರೆ, ಹುಡುಗಿಯ ಸ್ಕಾಲರ್‌ಶಿಪ್ಪಿಗೂ ಸಂಚಕಾರ. ಹಾಗಾಗಿ ನಾವೆಲ್ಲ ಒಂದು ಅಭ್ಯಾಸ ಮಾಡಿಕೊಂಡಿದ್ದೆವು. ಗೊತ್ತಿಲ್ಲದವನೊಬ್ಬ ಅಂಗಳದ ಸುತ್ತಲಿನ ಗಾಜುಗೋಡೆಯ ಹತ್ತಿರ ನಿಂತಿದ್ದರೆ ಅವನನ್ನು ಕಂಡೂ ಕಾಣದ ಹಾಗೆ ಇದ್ದುಬಿಡುವುದು.

ಆ ಚಳಿಗಾಲ ಒಬ್ಬ ಬಂದ. ಉಳಿದ ಕೋಚ್‌ಗಳ ಜಾಕೆಟ್ಟಿನ ಮೇಲೆ ಕಾಲೇಜಿನ ಹೆಸರಿರುತ್ತಿತ್ತು, ಇವನದು ಬರಿಯ ಕಪ್ಪು ಕೋಟು. ಕ್ರಿಸ್ಟಾಳ ಗೋಲಿನ ಹಿಂದೆ, ಗಾಜಿಗೆ ಮುಖ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದ. ಆಟದ ಒಂದು ಅವಧಿ ಮುಗಿದು ತಂಡಗಳು ತುದಿ ಬದಲಿಸಿದರೆ ಅವನೂ ಆ ತುದಿಯಲ್ಲಿರುತ್ತಿದ್ದ. ಅವನು ಅಲ್ಲಿಗೆ ನಡೆದುಕೊಂಡು ಹೋದದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಲಿಲ್ಲ. ಬೇರೆಯವರ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು. ಅವನ ಮುಂದಿನ ಗಾಜು ಈಗಷ್ಟೇ ಒರೆಸಿಟ್ಟ ಹಾಗಿರುತ್ತಿತ್ತು.

ಗಣಿಯಿಂದ ನಿವೃತ್ತನಾದ ಸ್ಲಾವ್ಕೊ ದಿನಾ ನನ್ನ ಕಿಟಕಿಗೆ ಒರಗಿಕೊಂಡಿರುತ್ತಿದ್ದ. "ದೊಡ್ಡ ಕಾಲೇಜಿನವನು ಕಣೇ ಎಲ್ವಿ. ಕಾಲೇಜಿನ ಬಣ್ಣ ತೋರಿಸಿದ್ರೆ ಬೇರೆಯೋರು ಹುಷಾರಾಗ್ತಾರೆ ಅಂತ ಕಪ್ಪು ಹಾಕ್ಕೊಂಡ್ ಬಂದಿದಾನೆ."

"ದೊಡ್ಡ ಕಾಲೇಜಿನೋನಿಗೆ ಈ ಚಳೀಲಿ ಒಂದ್ ಕಾಫಿ ಬೇಡ್ವಾ?"

"ನಿನ್ನ ಕಾಫಿ ಕುಡಿದೋರು ಯಾರೋ ಮೊದ್ಲೇ ಹೇಳಿರ್ತಾರೆ ಬಿಡು."

ಅವನು ಹಿಂದೆ ನಿಂತ ಆಟಗಳಲ್ಲಿ ಕ್ರಿಸ್ಟಾ ಒಂದು ಗೋಲೂ ಬಿಡಲಿಲ್ಲ. ಒಂದು ದಿನ ಹೆಲ್ಮೆಟ್ ತೆಗೆದು ಕಿಟಕಿಗೆ ಬಂದಳು.

"ಮುಮ್ಮು, ಅವರು ಬಂದಾಗ ಬೆನ್ನು ತಣ್ಣಗಾಗುತ್ತೆ. ಆಮೇಲೆ ಪಕ್ ಎಲ್ಲಿಗ್ ಬರುತ್ತೆ ಅಂತ ನಂಗೆ ಮೊದ್ಲೇ ಗೊತ್ತಾಗುತ್ತೆ. ಹೊಡಿಯೋರಿಗೇ ಇನ್ನೂ ಗೊತ್ತಿರಲ್ಲ."

"ಹೆದರಿಕೆ ಆಗಲ್ವೇನೇ?"

"ಆಗುತ್ತೆ. ಆದ್ರೆ ಗೋಲ್ ಹೋಗಲ್ವಲ್ಲ."

ಶನಿವಾರ ನಮ್ಮ ಸೌನಾದಲ್ಲಿ ಕಾದ ಕಲ್ಲಿಗೆ ನೀರು ಹಾಕಿ ಹಬೆ ಏರಿಸಿದಾಗ ಅವಳ ಬೆನ್ನು ಮುಟ್ಟಿ ನೋಡಿದೆ. ಮೈಯೆಲ್ಲ ಬೆವರು, ಬೆನ್ನು ಮಾತ್ರ ಕೆರೆಯಡಿಯ ಕಲ್ಲು. ಅಷ್ಟು ಹೊತ್ತಿಗೆ ಅವಳ ನಗುವೂ ನಿಂತುಹೋಗಿತ್ತು.

ಹನ್ನೊಂದನೆಯ ತರಗತಿಯೂ ಮುಗಿದು ಜುಲೈ ಬಂತು. ಮಾತಿಗೆ ಅನುಮತಿ ಸಿಕ್ಕ ಬೆಳಿಗ್ಗೆಯೇ ವಿಸ್ಕಾನ್ಸಿನ್ನಿನ ಒಂದು ಸಣ್ಣ ಕಾಲೇಜಿನ ಕೋಚ್ ಮಾರ್ಲಿಸ್ ಫೋನು ಮಾಡಿದಳು. ಓದು, ಊಟ, ವಸತಿ, ಎಲ್ಲಕ್ಕೂ ಸ್ಕಾಲರ್‌ಶಿಪ್. ಸಹಿ ನವೆಂಬರಿನಲ್ಲಿ, ಅಲ್ಲಿಯವರೆಗೆ ಒಂದು ಮಾತು ಕೊಟ್ಟರೆ ಸಾಕು ಎಂದಳು. ಬೇರೆ ದಾರಿಯಲ್ಲಿ ಮಗಳನ್ನು ಓದಿಸುವ ಶಕ್ತಿ ವೆಸ್‌ಗೆ ಇರಲಿಲ್ಲ. ಆದರೂ ಕ್ರಿಸ್ಟಾ "ಯೋಚನೆ ಮಾಡ್ತೀನಿ" ಎಂದು ಫೋನಿಟ್ಟಳು. ನಾನು ಅಲ್ಲೇ ಇದ್ದೆ.

"ಹೂಂ ಅನ್ನೋಕೆ ಬಾಯಿ ಸವೆಯುತ್ತೇನೇ?" ಎಂದ ವೆಸ್.

"ಇನ್ನೊಬ್ರು ಫೋನ್ ಮಾಡ್ತಾರಪ್ಪ."

"ಯಾರು? ಹೆಸರೇನು?"

"ಗೊತ್ತಿಲ್ಲ."

"ಹೆಸರೇ ಗೊತ್ತಿಲ್ಲದೋನಿಗೆ ಕಾಯ್ತಿದೀಯಾ! ಎಲ್ವಿ, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ."

ಬೇಸಿಗೆಯಿಡೀ ಆ ಇನ್ನೊಬ್ಬರ ಫೋನು ಬರಲಿಲ್ಲ. ರಿಂಕ್‌ನಲ್ಲಿ ಮಂಜುಗಡ್ಡೆ ಹಾಕಿದ ಮೊದಲ ವಾರವೇ ಕಪ್ಪು ಕೋಟಿನವನು ಬಂದು ಗೋಲಿನ ಹಿಂದೆ ನಿಂತ. ಮಾರ್ಲಿಸ್ ಕೊನೆಯ ಬಾರಿ ಕೇಳಿ ನೋಡೋಣವೆಂದು ತಾನೇ ಬಂದಿದ್ದಳು. ನನ್ನ ಕಿಟಕಿಯಲ್ಲಿ ಕಾಫಿ ತೆಗೆದುಕೊಳ್ಳುವಾಗ ಕೇಳಿದೆ.

"ಅಲ್ಲಾ ಕೋಚಮ್ಮ, ಆ ಕಪ್ಪು ಕೋಟಿನೋರು ಯಾವ ಕಾಲೇಜು? ನಿಮ್ಮ ನಿಮ್ಮಲ್ಲೇ ಎಲ್ಲ ಗೊತ್ತಿರುತ್ತಲ್ಲ."

ಅವಳು ಲೋಟ ಕೆಳಗಿಟ್ಟಳು. "ಕಾಲೇಜಾ? ಅವರು ಹುಡುಗಿಯ ದೊಡ್ಡಪ್ಪನೋ ಅಜ್ಜನೋ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಮನೆಯೋರ ಹತ್ರ ಮಾತಾಡಬಾರದಲ್ಲ, ಅದಕ್ಕೇ ಯಾರೂ ಹತ್ರ ಹೋಗಿಲ್ಲ."

ನಾವು ಅವನನ್ನು ಅವರ ಕಡೆಯವನೆಂದುಕೊಂಡಿದ್ದೆವು. ಅವರು ನಮ್ಮ ಕಡೆಯವನೆಂದುಕೊಂಡಿದ್ದರು. ಇಷ್ಟು ಕಾಲ ಅವನನ್ನು ಮಾತಾಡಿಸಿದ ಮನುಷ್ಯರೇ ಇರಲಿಲ್ಲ.

ಮಾರ್ಲಿಸ್ ಅವನನ್ನೇ ನೋಡುತ್ತ ನಿಧಾನವಾಗಿ ಹೇಳಿದಳು: "ಕೆನಡಾ ಗಡಿ ಹತ್ರ ಒಬ್ಬಳು ಗೋಲ್‌ಕೀಪರ್ ಇದ್ಲು. ಅವಳ ಹಿಂದೇನೂ ಇವರೇ ನಿಲ್ತಿದ್ರು. ಅವಳ ಅಪ್ಪ ಅಂದ್ಕೊಂಡಿದ್ದೆ."

"ಅವಳು ಯಾವ ಕಾಲೇಜಿಗೆ ಹೋದ್ಲು?"

"ಎಲ್ಲಿಗೂ ಇಲ್ಲ. ಯಾರಿಗೂ ಹೂಂ ಅನ್ನಲಿಲ್ಲ. ಕೆರೆ ಹೆಪ್ಪುಗಟ್ಟಿದ ಮೇಲೆ ಒಬ್ಬಳೇ ಪ್ರಾಕ್ಟೀಸಿಗೆ ಹೋದೋಳು ಬರಲೇ ಇಲ್ಲ. ಮಂಜುಗಡ್ಡೇಲಿ ಒಂದ್ ಬಿರುಕೂ ಇರಲಿಲ್ಲವಂತೆ. ಗೋಲಿನ ಬಲೆ ಮಾತ್ರ ನಿಂತಿತ್ತಂತೆ."

ನಾನು ಕೋಚ್ ಅಲ್ಲ, ಹುಡುಗಿಯ ಬಂಧುವೂ ಅಲ್ಲ. ನನಗೆ ಯಾವ ನಿಯಮವೂ ಇಲ್ಲವೆಂದುಕೊಂಡು ಒಂದು ಲೋಟ ಕಾಫಿ ಹಿಡಿದು ಅವನ ಪಕ್ಕ ಹೋಗಿ ನಿಂತೆ.

"ಕಾಫಿ ತಗೊಳ್ಳಿ. ಯಾವೂರಾಯ್ತು ತಮ್ಮದು?"

ಅವನು ತಿರುಗಲಿಲ್ಲ. ದನಿ ಗಾಜಿನೊಳಗಿಂದ ಬಂದ ಹಾಗಿತ್ತು. "ಈಗ ಮಾತಾಡೋ ಹಾಗಿಲ್ಲ."

"ಜುಲೈ ಕಳೆದು ಎಷ್ಟು ದಿನ ಆಯ್ತಲ್ಲ."

"ನನಗೆ ಜುಲೈ ಇಲ್ಲ. ಕೆರೆ ಗಟ್ಟಿಯಾಗಬೇಕು."

"ಅವಳು ಬೇರೆ ಕಡೆ ಹೋಗ್ತಾಳೆ."

"ಹೋಗಲ್ಲ. ನನಗೆ ಮಾತು ಕೊಟ್ಟಿದಾಳೆ."

ಹೇಗೆ ಕಿಟಕಿಗೆ ಮರಳಿದೆನೋ ತಿಳಿಯದು. ಲೋಟದಲ್ಲಿ ಕಾಫಿಯ ಮೇಲೆ ಕೆನೆಯ ಹಾಗೆ ತೆಳ್ಳಗೆ ಮಂಜು ಕಟ್ಟಿತ್ತು.

ಮರುದಿನ ಬೆಳಿಗ್ಗೆ ವೆಸ್‌ನ ಅಡುಗೆಮನೆಯಲ್ಲಿ, ಮಾರ್ಲಿಸ್‌ಳ ಎದುರಿಗೇ, ನಡೆದದ್ದನ್ನೆಲ್ಲ ಹೇಳಿದೆ. ಕ್ರಿಸ್ಟಾ ಆಗ ಬಾಯಿಬಿಟ್ಟಳು. ಹಿಂದಿನ ವರ್ಷದ ಕೊನೆಯ ಆಟ ಗೆದ್ದಾಗ ಗಾಜಿನ ಮೇಲೆ ಕೈಯಿಟ್ಟು, "ಕರೆದ್ರೆ ಬರ್ತೀನಿ" ಎಂದುಬಿಟ್ಟಿದ್ದಳಂತೆ.

ಮಾರ್ಲಿಸ್ ನಗಲಿಲ್ಲ. "ಕಾಗದಕ್ಕೆ ಏನಾದ್ರೂ ಸಹಿ ಹಾಕಿದೀಯಾ?"

"ಇಲ್ಲ."

"ಹಾಗಾದ್ರೆ ಬಾಯಿಮಾತು. ನಮ್ಮ ಆಟದಲ್ಲಿ ಬಾಯಿಮಾತು ಯಾರನ್ನೂ ಕಟ್ಟಿಹಾಕಲ್ಲ. ನೀನು, ನಿಮ್ಮಪ್ಪ ಇಬ್ರೂ ಸಹಿ ಹಾಕಿದ ಮೇಲೆ ಬೇರೆ ಯಾರೂ ನಿನ್ನನ್ನ ಕೇಳೋ ಹಾಗಿಲ್ಲ. ಹಿಂದೆ ಸರೀಲೇಬೇಕು. ಎಲ್ಲರಿಗೂ ಅದೇ ನಿಯಮ."

"ಎಲ್ಲರಿಗೂ ಅಂದ್ರೆ?" ಎಂದ ವೆಸ್.

"ಎಲ್ಲರಿಗೂ ಅಂದ್ರೆ ಎಲ್ಲರಿಗೂ."

ಕ್ರಿಸ್ಟಾ ಮೇಜು ನೋಡುತ್ತ ಹೇಳಿದಳು: "ನಿಮಗೆ ಬೇಕಾಗಿರೋ ಗೋಲ್‌ಕೀಪರ್ ನಾನಲ್ಲ. ಅವರು ಹಿಂದೆ ಇಲ್ದಿದ್ರೆ ನಾನು ಏನೂ ಅಲ್ಲ."

"ಗೋಲು ಬಿಟ್ಟಾಗ ಈ ಹುಡುಗಿ ಏನ್ ಮಾಡ್ತಾಳೆ ಅಂತ ನೋಡೋಕೆ ನಾನು ಕಾಯ್ತಾನೇ ಇದೀನಿ," ಎಂದಳು ಮಾರ್ಲಿಸ್. "ನೀನು ಬಿಡ್ತಾನೇ ಇಲ್ಲ."

ಆ ವರ್ಷ ಚಳಿ ಬೇಗ ಇಳಿಯಿತು. ಸಹಿಯ ದಿನ ಬೆಳಗಾಗುವಷ್ಟರಲ್ಲಿ ಕೆರೆ ದಡದಿಂದ ದಡಕ್ಕೆ ಬೆಳ್ಳಗಾಗಿತ್ತು. ಸಹಿಯ ಹೊತ್ತಿಗೆ ಕೋಚ್ ಎದುರಿರಬಾರದೆಂಬುದೂ ಒಂದು ನಿಯಮ, ಮಾರ್ಲಿಸ್ ಬರಲಿಲ್ಲ. ಶಾಲೆಯ ಲೈಬ್ರರಿಯಲ್ಲಿ ನಾವು ಮೂವರೇ. ಕ್ರಿಸ್ಟಾ ಕೆರೆಯ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂತಳು. ಕಪ್ಪು ಕೋಟಿನವನು ಹೊರಗೆ, ಅದೇ ಕಿಟಕಿಯ ಗಾಜಿಗೆ ಮುಖವಿಟ್ಟು ನಿಂತಿದ್ದ.

"ಬೆನ್ನು ತಣ್ಣಗಾಗ್ತಿದೆ," ಎಂದಳು.

"ತಿರುಗಬೇಡ. ಬರೀ," ಎಂದೆ.

ಪೆನ್ನು ಬರೆಯಲಿಲ್ಲ. ಶಾಯಿ ಹೆಪ್ಪುಗಟ್ಟಿತ್ತು. ವೆಸ್ ಅದನ್ನು ಕಿತ್ತುಕೊಂಡು, ಗಣಿಯಲ್ಲಿ ಮಾಡುವ ಹಾಗೆ ಕಂಕುಳಲ್ಲಿ ಸಿಕ್ಕಿಸಿಕೊಂಡ. "ಒಂದ್ ನಿಮಿಷ ಮಗಳೇ. ಎಂಥೆಂಥ ಚಳಿ ನೋಡಿದೀನಿ, ಇದೇನು ಮಹಾ." ಅವನ ಹಲ್ಲು ಕಟಕಟಿಸುತ್ತಿತ್ತು. ಪೆನ್ನು ಬೆಚ್ಚಗಾಯಿತು. ಅವಳು ಸಹಿ ಹಾಕಿದಳು, ಅದರ ಕೆಳಗೆ ವೆಸ್ ಹಾಕಿದ.

ಕಿಟಕಿಯ ಗಾಜು ಒಮ್ಮೆಲೇ ಮಬ್ಬಾಯಿತು, ಬಹಳ ಕಾಲ ಉಸಿರು ಬಿಗಿಹಿಡಿದವರು ಯಾರೋ ಬಿಟ್ಟ ಹಾಗೆ. ನಾನು ತೋಳಿನಿಂದ ಒರೆಸಿ ನೋಡಿದೆ. ಆಚೆ ಬರಿಯ ಕೆರೆ.

ಮುಂದಿನ ಆಟದಲ್ಲಿ ಯಾರೋ ಅಂಗಳದ ನಡುವಿನಿಂದ ಬೇಕಾಬಿಟ್ಟಿ ತಳ್ಳಿದ ಪಕ್ ತೆವಳುತ್ತ ಬಂದು ಕ್ರಿಸ್ಟಾಳ ಕಾಲಿನ ನಡುವೆ ನುಸುಳಿ ಬಲೆ ಸೇರಿತು. "ಅಯ್ಯೋ, ನಮ್ಮಜ್ಜಿ ಆಗಿದ್ರೂ ಹಿಡೀತಿದ್ಲು!" ಎಂದು ಸ್ಲಾವ್ಕೊ ಕೂಗಿದ. ಅವಳು ಹೆಲ್ಮೆಟ್ ಮೇಲೆತ್ತಿ, ಬಲೆಯಲ್ಲಿದ್ದ ಪಕ್ ನೋಡಿ, ಹೊಟ್ಟೆ ಹಿಡಿದು ನಕ್ಕಳು. ಎದುರು ಗಾಜಿನ ಹಿಂದೆ ಮಾರ್ಲಿಸ್ ಚಪ್ಪಾಳೆ ತಟ್ಟುತ್ತಿದ್ದಳು.

ಕಾಲೇಜಿನಲ್ಲಿ ಅವಳು ಹೆಚ್ಚು ಕಾಲ ಬೆಂಚಿನಲ್ಲೇ ಕೂತಳು. ಆ ಸಹಿಯ ಬಲ ಒಂದೇ ವರ್ಷಕ್ಕೆ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತಂತೆ. ವರ್ಷ ವರ್ಷವೂ ಹೊಸ ಕಾಗದ ಬಂದು ಸಹಿ ಹಾಕುವವರೆಗೆ ಅವಳು ಗಾಜಿಗೆ ಬೆನ್ನು ಹಾಕುತ್ತಿರಲಿಲ್ಲ. ಓದು ಮುಗಿದು, ಇನ್ನು ಸಹಿ ಹಾಕಲು ಕಾಗದವೇ ಇಲ್ಲವೆಂದಾದ ದಿನ ಪ್ಯಾಡು ಬಿಚ್ಚಿಟ್ಟವಳು ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ಈಗ ಕೆರೆ ಎಂದೂ ಹೆಪ್ಪುಗಟ್ಟದ ಟೆಕ್ಸಾಸಿನ ಸಮುದ್ರದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿದೆ, ಇಬ್ಬರು ಮಕ್ಕಳು.

ಹೋದ ತಿಂಗಳು ಫೋನು ಮಾಡಿದಾಗ, ಆಟ ಬಿಟ್ಟದ್ದಕ್ಕೆ ಬೇಜಾರಿಲ್ಲವಾ ಎಂದು ಕೇಳಿದೆ.

"ಗೆದ್ದ ಆಟ ಒಂದೂ ನೆನಪಿಲ್ಲ ಮುಮ್ಮು," ಎಂದಳು. "ಸೋತಿದ್ದೆಲ್ಲ ನೆನಪಿದೆ. ಅವು ಮಾತ್ರ ನಾನೇ ಆಡಿದ್ದು."