ಹಸುವಿನ ಬಕೆಟ್ಟಿಗೆ ಬಿದ್ದ ಕಣಗಿಲೆ

ಅನ್ನಪೂರ್ಣೇಶ್ವರಿ ನಗರದ ಜಗದಾಂಬಾ ಅವರಿಗೆ ಕೆಂಪು ಎಂಬುದು ಒಂದು ಬಣ್ಣವಲ್ಲ, ದೊಡ್ಡದೊಂದು ಕುಟುಂಬ. ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಅವರದ್ದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದವರ ಕೈಯಿಂದ ಸೆರಗಿನ ತುದಿ ಹಿಡಿದು ಒಮ್ಮೆ ನೋಡಿ, ಕೂತಲ್ಲಿಂದಲೇ ಹಿಂದಿನ ಕಪಾಟಿಗೆ ಕೈ ಹಾಕಿ ಸರಿಯಾದ ಬ್ಲೌಸ್ ಪೀಸನ್ನೇ ಎಳೆಯುತ್ತಾರೆ. “ಸ್ವಲ್ಪ ಡಾರ್ಕ್ ಆಯ್ತೇನೋ” ಎಂದು ಯಾರಾದರೂ ರಾಗ ಎಳೆದರೆ, “ಬಿಸಿಲಿಗೆ ಹೋಗಿ ನೋಡ್ಕೊಂಡ್ ಬನ್ನಿ, ನಾನೆಲ್ಲೂ ಓಡ್ಹೋಗಲ್ಲ” ಅನ್ನುತ್ತಾರೆ. ಗಿರಾಕಿ ಬಿಸಿಲಿಗೆ ಹೋಗುತ್ತಾಳೆ, ಸೋತು ವಾಪಸ್ ಬರುತ್ತಾಳೆ. ದಾವಣಗೆರೆಯಿಂದ ಮದುವೆಯಾಗಿ ಬಂದ ಹೆಂಗಸು ಬೆಂಗಳೂರಿನ ವ್ಯಾಪಾರದಲ್ಲಿ ನೆಲೆಯೂರಿದ್ದು ಈ ಒಂದು ನಂಬಿಕೆಯ ಮೇಲೆ: ತಪ್ಪು ಯಾವಾಗಲೂ ಗಿರಾಕಿಯದು, ಆದರೆ ಅದನ್ನು ಆಕೆಯೇ ಕಂಡುಕೊಳ್ಳಬೇಕು.

ಹೂವಿನ ವಿಷಯದಲ್ಲೂ ಇದೇ ಧಾಟಿ. ‘ನಮ್ಮನೆ ಹೂವು’ ಎಂಬ ವಾಟ್ಸಾಪ್ ಬಳಗಕ್ಕೆ ಅವರು ಅಡ್ಮಿನ್. ಪ್ರತಿ ಭಾನುವಾರ ಬೆಳಗ್ಗೆ ಸದಸ್ಯರು ತಮ್ಮ ಪಾತಿಯಲ್ಲಿ ಆ ವಾರ ಅರಳಿದ್ದನ್ನು ಫೋಟೋ ತೆಗೆದು ಹಾಕಬೇಕು. ನರ್ಸರಿಯಿಂದ ಹೂ ಬಿಟ್ಟ ಕುಂಡವನ್ನೇ ಹೊತ್ತು ತಂದು ಹಾಕಿದರೆ ನಡೆಯದು. ಗುಡ್ ಮಾರ್ನಿಂಗ್ ನಡೆಯದು, ದೇವರ ಪಟವೂ ನಡೆಯದು. ಯುಗಾದಿಯ ದಿನ ಬೇವು-ಬೆಲ್ಲದ ಚಿತ್ರ ಹಾಕಿದವರೊಬ್ಬರನ್ನು ಅವರು ಹಬ್ಬದ ಊಟಕ್ಕೆ ಮುಂಚೆಯೇ ಬಳಗದಿಂದ ಹೊರಗೆ ಕಳಿಸಿದ್ದರು. ಮೇಲಿನ ಕ್ರಾಸಿನ ಕಮಲಾಕ್ಷಮ್ಮನ ಗುಲಾಬಿಗೆ “ಹೂ ಚೆನ್ನಾಗಿದೆ, ನೀರು ಹೆಚ್ಚಾಗಿದೆ” ಎಂದು ಬರೆದ ದಿನದಿಂದ, ಆ ಇಬ್ಬರ ನಡುವೆ ಹೆಬ್ಬೆರಳಿನ ಚಿತ್ರ ಬಿಟ್ಟರೆ ಬೇರೆ ಮಾತುಕತೆ ಇರಲಿಲ್ಲ.

ಜನವರಿಯ ಆ ಭಾನುವಾರಕ್ಕೆ ಜಗದಾಂಬಾ ಡೇರೆ ಹೂವೊಂದನ್ನು ಇಟ್ಟುಕೊಂಡಿದ್ದರು. ಊಟದ ತಟ್ಟೆಯಷ್ಟು ಅಗಲ, ಮಾಗಿದ ದಾಳಿಂಬೆಯ ಬಣ್ಣ. ಒಂದೇ ತೊಂದರೆಯೆಂದರೆ ಪಕ್ಕದ ಕಣಗಿಲೆ ಗಿಡ ಬಾಗಿ ಬಂದು ಅದರ ಮೇಲೆ ನೆರಳು ಚೆಲ್ಲುತ್ತಿತ್ತು. ಶನಿವಾರ ಸಂಜೆ ಅಂಗಡಿಯಿಂದ ಬಂದವರೇ ಕತ್ತರಿ ಹಿಡಿದು ಕಣಗಿಲೆಯನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿದರು. ಬೆಳಗ್ಗೆ ನೋಡಿದರೆ ಬಾಡಿದ ಕೊಂಬೆಗಳ ಗುಡ್ಡೆ ಫೋಟೋದ ಚೌಕಟ್ಟಿನೊಳಗೇ ಕೂತಿದೆ. ಅದನ್ನು ಬಾಚಿ ಗೇಟಿನ ಹೊರಗಿನ ಬಕೆಟ್ಟಿಗೆ ತುಂಬಿದರು.

ಆ ಬಕೆಟ್ಟಿನ ಬಗ್ಗೆ ಒಂದು ಮಾತು. ಆ ಬಡಾವಣೆಯ ಹೆಚ್ಚು ಮನೆಗಳ ಗೇಟಿನ ಪಕ್ಕ ಒಂದು ಹಳೇ ಪೇಂಟಿನ ಬಕೆಟ್ ಇರುತ್ತದೆ. ಕುಂಬಳದ ಸಿಪ್ಪೆ, ಕೋಸಿನ ಎಲೆ, ಸೊಪ್ಪು ಸೋಸಿ ಉಳಿದ ದಂಟು, ಎಲ್ಲ ಅದಕ್ಕೆ. ಬೀದಿಯಲ್ಲಿ ಹಸು ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ಮನೆಯವರಿಗೆ ಖರ್ಚಿಲ್ಲದ ಪುಣ್ಯ, ಕಸದ ಗಾಡಿಗೆ ಭಾರ ಕಡಿಮೆ. ಇಷ್ಟು ಸಲೀಸಾದ ವ್ಯವಹಾರ ಬೇರೆ ಇಲ್ಲ. ಕಣಗಿಲೆಯ ಕಾಯಿ ವಿಷವೆಂದು ಜಗದಾಂಬಾ ಚಿಕ್ಕಂದಿನಲ್ಲೇ ಕೇಳಿದ್ದರು. ಎಲೆಯ ಬಗ್ಗೆ ಯೋಚಿಸಿರಲಿಲ್ಲ. ದಿನಾ ಬೆಳಗ್ಗೆ ಇಷ್ಟಲಿಂಗಕ್ಕೆ ಏರಿಸುವ ಹೂವಿನ ಗಿಡ ಅದು. ಹಸು ತಿಂದರೆ ಗಿಡಕ್ಕೂ ಪುಣ್ಯವೇ ಬಂದೀತು ಎಂಬುದು ಅವರ ಲೆಕ್ಕ.

ಡೇರೆ ಫೋಟೋಗೆ ಬಂದಿತು. ಬಳಗಕ್ಕೆ ಹೋಯಿತು. ಚಪ್ಪಾಳೆಗಳು ಬಿದ್ದವು. ಜಗದಾಂಬಾ ಕಾಫಿ ಲೋಟ ಹಿಡಿದು ಹೊಗಳಿಕೆಯನ್ನು ಓದುತ್ತಾ ಕೂತಿದ್ದಾಗ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಶ್ಯಾಮಸುಂದರ ಅವರಿಂದ ಒಂದು ಸಂದೇಶ ಬಂತು.

“ಫೋಟೋದಲ್ಲಿ ಹೂವಿನ ಹಿಂದೆ ಕಣಗಿಲೆ ಕತ್ತರಿಸಿದ ಹಾಗಿದೆ. ಕೊಂಬೆ ಎಲ್ಲಿ ಹಾಕಿದ್ರಿ ಮೇಡಂ? ದನಕ್ಕೆ ಸಿಗಬಾರದು. ಒಂದು ಹಿಡಿ ಎಲೆಗೂ ಎದೆ ನಿಂತುಹೋಗಬಹುದು. ಬಾಡಿದ್ದರೆ ಕಹಿ ಗೊತ್ತಾಗದೆ ಇನ್ನೂ ಚೆನ್ನಾಗಿ ತಿನ್ನುತ್ತವೆ.”

ಜಗದಾಂಬಾ ಬರಿಗಾಲಲ್ಲೇ ಗೇಟಿಗೆ ಓಡಿದರು. ಬಕೆಟ್ ಮಗುಚಿ ಬಿದ್ದಿತ್ತು. ಕೋಸಿನ ಎಲೆ ಇಲ್ಲ, ಕುಂಬಳದ ಸಿಪ್ಪೆ ಇಲ್ಲ. ದಪ್ಪ ಕೊಂಬೆಗಳು ಮಾತ್ರ ಬಿದ್ದಿದ್ದವು, ಎಲೆಗಳನ್ನು ಯಾರೋ ಬಾಚಣಿಗೆಯಿಂದ ಬಾಚಿ ತೆಗೆದ ಹಾಗೆ ಬೋಳಾಗಿ.

ಆ ಬೀದಿಯಲ್ಲಿ ಬೆಳಗ್ಗೆ ಓಡಾಡುವ ಹಸು ಒಂದೇ. ಸುಂಕದಕಟ್ಟೆ ಕಡೆಯ ಹಳೇ ಊರಿನ ರಾಮಕ್ಕನ ಸುಬ್ಬಿ. ಕಪ್ಪು-ಬಿಳಿ ಮೈ, ಒಂದು ಕೊಂಬು ಡೊಂಕು. ಬಡಾವಣೆ ಹುಟ್ಟುವ ಮುಂಚೆ ಅಲ್ಲಿ ಹೊಲ ಇದ್ದವರ ಮನೆ ರಾಮಕ್ಕನದು. ಈಗ ಉಳಿದಿರುವುದು ಎರಡು-ಮೂರು ಹಸುಗಳ ಒಂದು ಕೊಟ್ಟಿಗೆ ಮತ್ತು ಮನೆಮನೆಗೆ ಹಾಲಿನ ವರ್ತನೆ. ಸುಬ್ಬಿ ಈಗ ದಿನ ತುಂಬಿದ ಗಬ್ಬ.

ಜಗದಾಂಬಾ ಬೀದಿಯ ಎರಡೂ ತುದಿ ನೋಡಿದರು. ಹಸು ಇಲ್ಲ. ವಾಪಸ್ ಬಂದು ಫೋನ್ ಎತ್ತಿಕೊಂಡು ಬಳಗಕ್ಕೆ ಬರೆದರು: “ಯಾರೋ ಬೀದಿಯಲ್ಲಿ ಕಣಗಿಲೆ ಸೊಪ್ಪು ಹಾಕಿದ್ದಾರೆ, ರಾಮಕ್ಕನ ಹಸು ತಿಂದ ಹಾಗಿದೆ...”

ಹಿಂದಿನಿಂದ ಗಂಡ ಗಂಗಾಧರಯ್ಯ ಇಣುಕಿ ಓದಿದರು. ಮಾತು ಕಡಿಮೆಯ ಮನುಷ್ಯ. ಆಡಿದರೆ ಒಂದೇ ಏಟು.

“ಯಾರೋ ಅಂತ ಬರೆದ್ರೆ ಹಸು ಬೇಗ ಸಿಗುತ್ತೇನೇ?”

“ನೀವ್ ಸುಮ್ನಿರ್ರೀ.”

“ಸುಮ್ನಿರ್ತೀನಿ. ಎಷ್ಟು ತಿಂದಿದೆ ಅಂತ ಡಾಕ್ಟ್ರು ಕೇಳಿದ್ರೆ, ಯಾರೋನ ಕೇಳಿ ಹೇಳ್ತೀನಿ ಅನ್ನು.”

ಜಗದಾಂಬಾ ಅವರ ಹೆಬ್ಬೆರಳು ತೆರೆಯ ಮೇಲೆ ನಿಂತೇ ಇತ್ತು. ಜೀವಮಾನದಲ್ಲಿ ಒಂದು ಬ್ಲೌಸ್ ಪೀಸು ವಾಪಸ್ ತೆಗೆದುಕೊಂಡವರಲ್ಲ. ಅಳಿಸಿದರು. ಮತ್ತೆ ಬರೆದರು: “ನಾನು ಕಣಗಿಲೆ ಕತ್ತರಿಸಿ ಹಸುವಿನ ಬಕೆಟ್ಟಿಗೆ ಹಾಕಿದೆ. ರಾಮಕ್ಕನ ಸುಬ್ಬಿ ತಿಂದಿದೆ. ತುಂಬು ಗಬ್ಬ. ಯಾರ ಮನೆ ಮುಂದೆ ಕಂಡರೂ ತಕ್ಷಣ ಹೇಳಿ.” ಕಳಿಸಿ, ಕಣ್ಣು ಮುಚ್ಚಿಕೊಂಡು ರಾಮಕ್ಕನಿಗೆ ಫೋನ್ ಮಾಡಿದರು.

“ಏನ್ರಮ್ಮಾ, ಹಾಲು ಜಾಸ್ತಿ ಬೇಕಿತ್ತಾ?”

ವಿಷಯ ಕೇಳಿದ ಮೇಲೆ ಆ ಕಡೆಯಿಂದ ಬೈಗುಳವೂ ಬರಲಿಲ್ಲ, ಅಳುವೂ ಬರಲಿಲ್ಲ. “ಡಾಕ್ಟ್ರಮ್ಮಂಗೆ ಫೋನ್ ಮಾಡ್ತೀನಿ. ನೀವು ಹಸು ಹುಡುಕಿ” ಎಂದು ಲೈನು ಕಟ್ಟಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಬಳಗ ಎದ್ದು ಕೂತಿತ್ತು. ಗಿಡಕ್ಕೆ ನುಸಿ ಬಿದ್ದರೆ ಮೂರು ದಿನ ಚರ್ಚಿಸುವ ಜನ, ಈಗ ಮಾತಿಗೆ ಮುಂಚೆ ಗೇಟಿಗೆ ಓಡುತ್ತಿದ್ದರು.

“ಪಾರ್ಕ್ ಹತ್ತಿರ ನಮ್ಮ ಚೆಂಡುಹೂವಿನ ಗಿಡ ಕಿತ್ತಿದೆ. ಈಗಷ್ಟೇ ಹೋಯ್ತು.”

“ಬೇಕರಿ ತಿರುವಿನಲ್ಲಿ ನೋಡಿದೆ. ಓಡಿಸೋಕೆ ಹೋದೆ.”

ಅದರ ಕೆಳಗೇ ಶ್ಯಾಮಸುಂದರ ಅವರು: “ಓಡಿಸಬೇಡಿ! ಈ ವಿಷಕ್ಕೆ ಓಟವೇ ಶತ್ರು. ಎದೆಗೆ ಕೆಲಸ ಕೊಡಬಾರದು.”

ಆಮೇಲೆ ಇನ್ನೊಂದು ಸಂದೇಶ ಬಂತು. “ನಮ್ಮ ಬಕೆಟ್ ಮುಟ್ಟಲಿಲ್ಲ. ಮೂಸಿ ಬಿಟ್ಟು ಹೋಯ್ತು. ಬಾಯಲ್ಲಿ ಜೊಲ್ಲು.”

ಸುಬ್ಬಿ ಬಕೆಟ್ ಬಿಟ್ಟು ಹೋದದ್ದನ್ನು ಆ ಬಡಾವಣೆ ಕಂಡಿರಲಿಲ್ಲ. ರಟ್ಟಿನ ಡಬ್ಬ ತಿಂದು ಅರಗಿಸಿಕೊಂಡ ಹಸು ಅದು.

ಜಗದಾಂಬಾ ಬೇಕರಿ ತಿರುವಿಗೆ ಓಡಿದರು, ಗಂಗಾಧರಯ್ಯ ಸ್ಕೂಟರ್ ತೆಗೆದು ಪಾರ್ಕಿನ ಕಡೆ ಹೋದರು. ಬೇಕರಿಯವನು ಕೈ ತೋರಿಸಿದ ಕಡೆ ಹೋದರೆ ಖಾಲಿ ಸೈಟು, ನಾಯಿಗಳು, ನೀರಿನ ಟ್ಯಾಂಕರ್. ರಸ್ತೆಯಲ್ಲಿ ಹಸಿ ಸಗಣಿ ಇತ್ತು, ನೀರಾಗಿ. ಅದನ್ನು ಬಗ್ಗಿ ನೋಡುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಕಮಲಾಕ್ಷಮ್ಮ.

“ಜಗದಾಂಬಾ ಅವ್ರೇ, ಇಲ್ಲಿದೆ ಕಣ್ರೀ. ಮಲಗ್ಬಿಟ್ಟಿದೆ. ಬೇಗ ಬನ್ನಿ.”

ಕಮಲಾಕ್ಷಮ್ಮನ ಮನೆಯ ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಪಕ್ಕದ ಪಟ್ಟಿಯಲ್ಲಿ ಸೇವಂತಿಗೆಯ ಪಾತಿ ಇತ್ತು. ಹಳದಿ, ಬಿಳಿ, ಇಟ್ಟಿಗೆಗೆಂಪು. ಎಲ್ಲ ಒಟ್ಟಿಗೆ ಅರಳಲಿ ಎಂದು ಎರಡು ಭಾನುವಾರದಿಂದ ಫೋಟೋ ಹಾಕದೆ ಕಾದಿದ್ದರು. ಸುಬ್ಬಿ ಅದರ ನಟ್ಟನಡುವೆ ಹೊಟ್ಟೆ ಚೆಲ್ಲಿ ಕೂತಿತ್ತು. ತಲೆ ಒಂದು ಕಡೆ ವಾಲಿತ್ತು, ಕಿವಿಗಳು ಜೋತಿದ್ದವು. ಬಾಯಿಂದ ಇಳಿದ ನೊರೆ ಬಿಳಿ ಹೂವುಗಳ ಮೇಲೆ ಬಿದ್ದಿತ್ತು.

ಕಮಲಾಕ್ಷಮ್ಮ ಹಳೇ ಬೆಡ್‌ಶೀಟೊಂದನ್ನು ಕಾಂಪೌಂಡಿಗೆ ಕಟ್ಟಿ ಹಸುವಿಗೆ ನೆರಳು ಮಾಡುತ್ತಿದ್ದರು. ಅದರ ಮೂತಿಗೆ ತಾಗುತ್ತಿದ್ದ ಗಿಡಗಳನ್ನು ತಾವೇ ಬುಡಸಮೇತ ಕಿತ್ತು ಆಚೆ ಇಟ್ಟಿದ್ದರು.

“ನಿಮ್ಮ ಹೂವು...” ಎಂದರು ಜಗದಾಂಬಾ.

“ಈ ಸಲ ನೀರು ಹೆಚ್ಚಾಗಿಲ್ಲ ತಾನೇ?” ಎಂದು ಕಮಲಾಕ್ಷಮ್ಮ ಗಂಟು ಬಿಗಿದರು. “ಆ ತುದಿ ಹಿಡ್ಕೊಳ್ಳಿ.”

ಜಗದಾಂಬಾ ಫೋನಿನಲ್ಲಿ ಹೇಳಿದ ಗುರುತು ಹಿಡಿದು ರಾಮಕ್ಕ ಆಟೋದಲ್ಲಿ ಬಂದಿಳಿದಳು, ಹಿಂದೆಯೇ ಸ್ಕೂಟರಿನಲ್ಲಿ ಡಾಕ್ಟರ್ ಧನ್ಯಶ್ರೀ. ಎಳೆ ವಯಸ್ಸಿನ ಹುಡುಗಿ, ಚೀಲ ಇಳಿಸುವಾಗಲೇ ಕೇಳಿದಳು, “ಎಷ್ಟು ತಿಂದಿದೆ? ಹಾಕಿದ್ದು ಯಾರು?”

ಸುತ್ತ ನಿಂತ ಬಳಗದವರೆಲ್ಲ ಬೇರೆ ಬೇರೆ ಕಡೆ ನೋಡಿದರು. ಎಲ್ಲರಿಗೂ ಗೊತ್ತಿತ್ತು.

“ನಾನು” ಎಂದರು ಜಗದಾಂಬಾ. “ಗಿಡದ ಸೊಂಟದಿಂದ ಮೇಲಿನದ್ದು, ಅರ್ಧ ಬಕೆಟ್. ಎಲೆ ಎಲ್ಲಾ ಹೋಗಿದೆ. ಕೋಸಿನ ಜೊತೆ ಬೆರೆತಿತ್ತು.”

ಧನ್ಯಶ್ರೀ ಮಂಡಿಯೂರಿ ಸುಬ್ಬಿಯ ಮುಂಗಾಲಿನ ಹಿಂದೆ ಸ್ಟೆತಸ್ಕೋಪ್ ಇಟ್ಟಳು. ತುಂಬಾ ಹೊತ್ತು ಕೇಳಿದಳು. “ಬಡಿತ ತಪ್ತಾ ಇದೆ. ಎಬ್ಬಿಸ್ಬೇಡಿ. ಯಾರೂ ಗದ್ದಲ ಮಾಡ್ಬೇಡಿ. ಬೆದರಿದ್ರೆ ಮುಗೀತು.” ವಿಷ ಹೀರುವ ಇದ್ದಿಲ ಪುಡಿಯನ್ನು ಬಕೆಟ್ ನೀರಿಗೆ ಕಲಸಿ, ಕೊಳವೆಯಿಂದ ಹೊಟ್ಟೆಗೆ ಇಳಿಸಿದಳು. ಕತ್ತಿಗೊಂದು ಸೂಜಿ. ರಾಮಕ್ಕ ಹಸುವಿನ ದವಡೆ ಹಿಡಿದುಕೊಂಡು ಅದರ ಕಿವಿಯಲ್ಲಿ ಏನೋ ಗೊಣಗುತ್ತಿದ್ದಳು. ಕಪ್ಪು ನೀರು ಅವಳ ಸೀರೆಗೂ ಸೇವಂತಿಗೆಗೂ ಸಮವಾಗಿ ಸುರಿಯಿತು.

“ಇನ್ನು?” ಎಂದಳು ರಾಮಕ್ಕ.

“ಇನ್ನು ಕಾಯ್ಬೇಕು ರಾಮಕ್ಕ. ಹಸು ಉಳಿದ್ರೂ ಒಳಗಿರೋ ಕರು ಬಗ್ಗೆ ಈಗ ಏನೂ ಹೇಳೋಕಾಗಲ್ಲ.”

ಕಾಯುವುದು ಶುರುವಾಯಿತು. ಆ ಹೊತ್ತಿಗೇ ನೀರಿನ ಟ್ಯಾಂಕರ್ ತಿರುವಿನಲ್ಲಿ ಕಾಣಿಸಿಕೊಂಡು ಉದ್ದನೆಯ ಹಾರನ್ ಹೊಡೆಯಿತು. ಸುಬ್ಬಿಯ ಮೈ ಪೂರ್ತಿ ನಡುಗಿ, ಮುಂಗಾಲುಗಳು ಮಣ್ಣು ಕೆದಕಿದವು. ಅಷ್ಟರಲ್ಲಿ ಪಾರ್ಕಿನಿಂದ ಬಂದು ಸೇರಿದ್ದ ಗಂಗಾಧರಯ್ಯ ಅಡ್ಡ ಪಂಚೆಯಲ್ಲೇ ರಸ್ತೆಯ ಮಧ್ಯೆ ಹೋಗಿ, ಸ್ಕೂಟರನ್ನು ಅಡ್ಡ ನಿಲ್ಲಿಸಿ, ಅದರ ಮೇಲೆ ಕೂತರು.

“ಏನ್ ಸಾರ್, ಗಾಡಿ ಕೆಟ್ಟೋಯ್ತಾ?” ಡ್ರೈವರ್ ಕೇಳಿದ.

“ಇಲ್ಲಪ್ಪ, ನಾನೇ ಕೆಟ್ಟಿದೀನಿ. ರಿವರ್ಸ್ ತಗೋ.”

ಟ್ಯಾಂಕರ್ ಗೊಣಗುತ್ತಾ ಹಿಂದೆ ಸರಿಯಿತು.

ಜಗದಾಂಬಾ ರಾಮಕ್ಕನ ಪಕ್ಕ ಕೂತರು. ಒಂದಿಷ್ಟು ಹೊತ್ತು ಇಬ್ಬರೂ ಹಸುವಿನ ಪಕ್ಕೆ ಏರಿಳಿಯುವುದನ್ನೇ ನೋಡಿದರು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕೆಲವೊಮ್ಮೆ ಎಷ್ಟು ಅಂತರ ಬೀಳುತ್ತಿತ್ತೆಂದರೆ ನೋಡುವವರ ಉಸಿರೂ ನಿಲ್ಲುತ್ತಿತ್ತು.

“ದೇವರ ಮೇಲೆ ಹಾಕೋ ಹೂವಿನ ಗಿಡ ರಾಮಕ್ಕ. ಅದು ಹಿಂಗೆ ಅಂತ ನಂಗೆ...”

“ದೇವರು ತಿನ್ನಲ್ಲಮ್ಮ. ಹಸು ತಿನ್ನುತ್ತೆ.”

ಈ ಮಾತನ್ನು ಬಿಸಿಲಿಗೆ ಒಯ್ದು ನೋಡಿದರೂ ಅದರ ಬಣ್ಣ ಬದಲಾಗುವಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಾಮಕ್ಕನೇ ಅಂದಳು, “ನಂದೂ ತಪ್ಪೈತೆ ಬಿಡಿ. ದಿನ ತುಂಬಿದ್ದನ್ನ ಬೀದಿಗೆ ಬಿಡಬಾರದಿತ್ತು. ನಿಮ್ಮೋರ ಬಕೆಟ್ ಐತಲ್ಲ ಅಂತ ಹಿಂಡಿ ತರೋದು ಬಿಟ್ಟಿದ್ದೆ.” ಅಷ್ಟು ಹೇಳಿ, ತಕ್ಷಣ ಸೇರಿಸಿದಳು: “ಹಂಗಂತ ನಿಮ್ದು ಕಮ್ಮಿಯಾಗಲ್ಲ.”

ಬಿಸಿಲು ಏರಿತು. ಕಮಲಾಕ್ಷಮ್ಮ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು, ರಾಮಕ್ಕ ಮುಟ್ಟಲಿಲ್ಲ. ಧನ್ಯಶ್ರೀ ಮತ್ತೆ ಮತ್ತೆ ಬಗ್ಗಿ ಕೇಳುತ್ತಿದ್ದಳು, ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಒಳ್ಳೆಯ ವ್ಯಾಪಾರಿಯ ಮುಖ ಅದು, ಜಗದಾಂಬಾ ಅವರಿಗೆ ಗುರುತು ಸಿಕ್ಕಿತು, ಅದಕ್ಕೇ ಹೆಚ್ಚು ಹೆದರಿದರು. ಒಮ್ಮೆ ಸುಬ್ಬಿ ಕತ್ತನ್ನು ನೆಲಕ್ಕೆ ಚಾಚಿ ಕಣ್ಣು ಮುಚ್ಚಿತು. ರಾಮಕ್ಕ “ಸುಬ್ಬೀ” ಎಂದು ಕರೆದಳು. ಅದು ಕಿವಿ ಅಲ್ಲಾಡಿಸಲಿಲ್ಲ. ಎರಡನೇ ಸಲ ಕರೆದಳು. ಯಾರೋ ಹಿಂದಿನಿಂದ “ಅಯ್ಯೋ ಶಿವನೇ” ಎಂದರು. ಧನ್ಯಶ್ರೀ ಮತ್ತೊಂದು ಸೂಜಿ ಚುಚ್ಚಿದಳು.

ಆಮೇಲೆ ಎಷ್ಟು ಹೊತ್ತಾಯಿತೋ. ಸುಬ್ಬಿಯ ಗಂಟಲಲ್ಲಿ ಏನೋ ಉಂಡೆ ಕೆಳಗಿನಿಂದ ಮೇಲಕ್ಕೆ ಸರಿದದ್ದು ಕಂಡಿತು. ದವಡೆ ಒಂದು ಕಡೆಗೆ ಹೋಯಿತು, ನಿಂತಿತು. ಇನ್ನೊಂದು ಕಡೆಗೆ ಹೋಯಿತು. ನಿಧಾನವಾಗಿ, ಯಾರಿಗೂ ಉಪಕಾರ ಮಾಡುವ ಆತುರವಿಲ್ಲದೆ, ಹಸು ಮೆಲುಕು ಹಾಕತೊಡಗಿತು.

ರಾಮಕ್ಕ ಆಗ ಅತ್ತಳು.

ಧನ್ಯಶ್ರೀ ಕಿವಿಯಿಂದ ಸ್ಟೆತಸ್ಕೋಪ್ ತೆಗೆದಳು. “ಬಡಿತ ಹದಕ್ಕೆ ಬರ್ತಾ ಇದೆ. ನಾಳೆವರೆಗೂ ಇಲ್ಲೇ ಇರ್ಲಿ, ಅಲ್ಲಾಡಿಸ್ಬೇಡಿ.” ಕಮಲಾಕ್ಷಮ್ಮ ಉಳಿದಿದ್ದ ನಾಲ್ಕು ಸೇವಂತಿಗೆ ಗಿಡಗಳ ಕಡೆ ನೋಡಿ, “ಇರ್ಲಿ ಬಿಡಿ, ಅದಕ್ಕೂ ಹಾಸಿಗೆ ಬೇಕಲ್ಲ” ಎಂದರು.

“ಕರು?” ಎಂದರು ಜಗದಾಂಬಾ.

ರಾಮಕ್ಕ ಸುಬ್ಬಿಯ ಬಲಪಕ್ಕೆಯ ಕೆಳಗೆ ಅಂಗೈಯೊತ್ತಿ ಕೂತಳು. ಒತ್ತಿ ಹಿಡಿದೇ ಇದ್ದಳು. ಜಾಗ ಬದಲಿಸಿದಳು. ಆಮೇಲೆ ಪಕ್ಕದಲ್ಲಿದ್ದ ಜಗದಾಂಬಾ ಅವರ ಮಣಿಕಟ್ಟು ಹಿಡಿದೆಳೆದು, ಬಳೆಗಳ ಸಮೇತ ಆ ಕೈಯನ್ನು ಹಸುವಿನ ಹೊಟ್ಟೆಗೆ ಒತ್ತಿದಳು. ಚರ್ಮ ಬೆಚ್ಚಗಿತ್ತು. ಒಳಗೆ ಏನೂ ಇಲ್ಲ. ಏನೂ ಇಲ್ಲ. ಜಗದಾಂಬಾ ಇನ್ನಷ್ಟು ಒತ್ತಿದರು. ಆಗ ಅಂಗೈಯ ನಡುವಿಗೆ ಸರಿಯಾಗಿ, ಒಳಗಿನಿಂದ, ಗಟ್ಟಿಯಾದ ಒಂದು ಗುದ್ದು.

“ಒದೀತಾ?”

“ಒದೀತು ರಾಮಕ್ಕ.”

“ಒದೀಲಿ. ಆ ಒದೆ ನಿಮಗೆ ನಾನು ಕೊಡಬೇಕಿತ್ತು” ಎಂದು ರಾಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, “ಕರು ಕೊಟ್ಟೈತೆ.”

ಜಗದಾಂಬಾ ಕೈ ತೆಗೆಯಲಿಲ್ಲ. ಇನ್ನೊಂದು ಒದೆಗಾಗಿ ಕಾಯುತ್ತಾ ಕೂತರು.