ಶುಭ ಎಂದು ಬರೆದ ಗುಡಾಣಗಳು

ಚೀನೀಯರ ಊರು ಕೂ ತುಂಗ್‌ನಲ್ಲಿ ಮಾಕ್ ಮನೆತನದ ಸೋಯಾ ಸಾಸ್ ಅಂಗಳದೊಳಗೆ ಲಾನಕ್ಕನಿಗೆ ಹೆದರದೆ ಇದ್ದದ್ದು ಮಳೆ ಒಂದೇ. ಅದೂ ಅವಳು ಮುಚ್ಚಳ ಹಾಕುವವರೆಗೆ ಕಾಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹದಿನಾರಕ್ಕೆ ಕೆಲಸಕ್ಕೆ ಬಂದವಳಿಗೆ ಈಗ ಅರವತ್ತೊಂದು. ಬೆಳಗಾದರೆ ಮುನ್ನೂರು ಗುಡಾಣಗಳ ಮುಚ್ಚಳ ತೆಗೆದು ಸೋಯಾ ಕಾಳಿಗೆ ಬಿಸಿಲು ತೋರಿಸಬೇಕು, ಮೋಡ ಕಂಡರೆ ಓಡಿ ಮುಚ್ಚಬೇಕು. ಮದುವೆಗೆ ಪುರುಸೊತ್ತೇ ಸಿಗಲಿಲ್ಲ ಎನ್ನುತ್ತಾಳೆ, ನಂಬುವವರು ನಂಬಲಿ. ಅಂಗಳದ ಮೂಲೆಯ ತಗಡಿನ ಕೋಣೆಯೇ ಅವಳ ಮನೆ.

ಮಾಕ್ ಮನೆಯವರು ಮೇಲೆ ಬಂದದ್ದು ಸಾಸ್ ಮಾರಿಯೇ. ಆಮೇಲೆ ಮಂಡಿನೋವಿನ ಗುಳಿಗೆ, ಎರಡು ಹೋಟೆಲು, ಆಕಾಶಕ್ಕೆ ಮುಟ್ಟುವ ವಸತಿ ಕಟ್ಟಡಗಳು ಬಂದವು. ಎಲ್ಲವನ್ನೂ ಹಡೆದ ಸಾಸು ಮೂಲೆಗೆ ಬಿತ್ತು. ಆ ಸಾಸಿನ ಜೀವವಿದ್ದದ್ದು ಗೋಡೆ ಪಕ್ಕದ ಒಂದು ಹಳೇ ಗುಡಾಣದಲ್ಲಿ. ತೀರಿಹೋದ ದೊಡ್ಡ ಯಜಮಾನರು ಹಾಕಿದ್ದು, ಅರವತ್ತು ವರ್ಷದಿಂದ ಬರಿದಾಗಿಲ್ಲ. ಪ್ರತಿ ಹೊಸ ಗುಡಾಣಕ್ಕೂ ಅದರಿಂದ ಒಂದು ಸೌಟು ಬೀಳಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದೊಂದು ಹೋದರೆ ಮಾಕರ ಸಾಸೇ ಹೋದಂತೆ.

ಈ ವರ್ಷ ಅಂಗಳದ ಜಾಗದಲ್ಲಿ ಮೂವತ್ತು ಮಹಡಿ ಏಳಬೇಕೆಂದು ತೀರ್ಮಾನವಾಯಿತು. ಕಟ್ಟಡಗಳ ಕಾರುಬಾರು ಯಜಮಾನರ ಮೊಮ್ಮಗಳು ಹೊಯ್-ಚಿಂಗ್‌ಳದು. ಟೊರಾಂಟೋದಲ್ಲಿ ಓದಿ ಬೆಳೆದವಳು. ಚೀನೀ ಅಕ್ಷರಗಳಲ್ಲಿ ಹೊಸ ವರ್ಷದ ಕೆಂಪು ಕಾಗದದ ಮೇಲಿನ ಹಾರೈಕೆಯವಷ್ಟೇ ಗೊತ್ತು. ಅವಳಪ್ಪ ಹೇಳಿದ್ದ: "ಹೊಸ ಕಾರ್ಖಾನೆ ತಾರಸಿ ಮೇಲೆ ನಲವತ್ತು ಗುಡಾಣಕ್ಕೆ ಜಾಗ ಇದೆ. ಒಳ್ಳೇವನ್ನ ಸಾಗ್ಸು, ಮಿಕ್ಕಿದ್ದು ಒಡೆಸು. ಲಾನಕ್ಕ ಗುರುತು ಹಾಕಿರ್ತಾಳೆ."

ಲಾನಕ್ಕ ಗುರುತು ಹಾಕಬೇಕಿದ್ದದ್ದು ಸೋಮವಾರ. ಹುಡುಗಿ ಕೂಲಿಯವರನ್ನು ಕಟ್ಟಿಕೊಂಡು ಶನಿವಾರವೇ ಬಂದಳು. ಲಾನಕ್ಕ ಅಂದು ಅಂಗಳದಲ್ಲಿರಲಿಲ್ಲ. ಹಿರಿಯರ ಹಬ್ಬದ ಜನಜಂಗುಳಿಗೆ ಮೊದಲೇ ದೊಡ್ಡ ಯಜಮಾನರ ಸಮಾಧಿ ಗುಡಿಸಿ, ಬೇಯಿಸಿದ ಕೋಳಿ, ಒಂದು ಬಟ್ಟಲು ಸಾಸು ಇಟ್ಟು ಬರುವುದು ಅವಳ ರೂಢಿ. ಸ್ವಂತ ಮೊಮ್ಮಗಳಿಗೆ ಆ ನೆನಪಿರಲಿಲ್ಲ.

ವಾಪಸು ಬಂದು ಬಸ್ಸಿಳಿದ ಕೂಡಲೇ ಸಾಸಿನ ಘಾಟು ಮೂಗಿಗೆ ಬಡಿಯಿತು. ಹನ್ನೆರಡು ಗುಡಾಣ ಒಡೆದು ಚರಂಡಿ ಕಪ್ಪಗೆ ಹರಿಯುತ್ತಿತ್ತು. ನೇಪಾಳದ ಕೂಲಿಯವನೊಬ್ಬ ಸುತ್ತಿಗೆ ಹಿಡಿದು ಗೋಡೆ ಪಕ್ಕದ ಹಳೇ ಗುಡಾಣದ ಮುಂದೆ ನಿಂತಿದ್ದ. ಲಾನಕ್ಕ ಬುಟ್ಟಿ ಬಿಸಾಡಿ ಗುಡಾಣವನ್ನು ತಬ್ಬಿಕೊಂಡಳು.

"ಮೊದ್ಲು ನನ್ನ ತಲೆ ಒಡಿ!"

ಹೊಯ್-ಚಿಂಗ್ ಓಡಿ ಬಂದಳು. "ಅದಕ್ಕೆ ನೀವೇ ಗುರುತು ಹಾಕಿಲ್ವಲ್ಲ ಲಾನಕ್ಕಾ! ಶುಭ ಅಂತ ಬರೆದಿದ್ರಲ್ಲ, ಆ ನಲವತ್ತನ್ನೂ ಜೋಪಾನವಾಗಿ ಲಾರಿಗೆ ಹಾಕ್ಸಿದೀನಿ."

"ಹಗುರ ಇದ್ವಾ?"

"ಹೂಂ. ಎತ್ತೋಕೆ ಸಲೀಸು ಅಂತ ಕೂಲಿಯವ್ರೂ ಖುಷಿಪಟ್ರು."

"ಪಡದೆ ಏನು! ಅವೆಲ್ಲ ಖಾಲಿ ಗುಡಾಣ ಕಣೇ!"

ಅವರ ಚೀನೀ ಮಾತಿನಲ್ಲಿ 'ಖಾಲಿ'ಗೂ 'ಕೇಡಿ'ಗೂ ಇರುವ ಪದ ಕಿವಿಗೆ ಒಂದೇ. ಅದಕ್ಕೇ ಬರಿದಾದದ್ದನ್ನು ಸಿಟ್ಟಿನಲ್ಲಲ್ಲದೆ ಯಾರೂ ಖಾಲಿ ಅನ್ನುವುದಿಲ್ಲ. ಹೊರಟವರು 'ಬರ್ತೀನಿ' ಅಂದ ಹಾಗೆ, ಶುಭ ಅನ್ನುತ್ತಾರೆ.

"ಮನೆ ಮಾರೋಳು ನೀನು. ಖಾಲಿ ಮನೆಗೆ ನಿನ್ನ ಆಫೀಸಿನ ಬೋರ್ಡಲ್ಲಿ ಏನಂತ ಬರೀತಾರೆ? ಶುಭ ಮನೆ ಅಂತಲ್ವೇನೇ?"

"ನಾನು ಇಂಗ್ಲಿಷ್ ಬೋರ್ಡ್ ಮಾತ್ರ ಓದೋದು" ಎಂದ ಹುಡುಗಿಯ ಕಣ್ಣು ತುಂಬಿತು.

ಲಾನಕ್ಕನ ಸಿಟ್ಟು ಏರಿದಷ್ಟೇ ಬೇಗ ಇಳಿಯುತ್ತದೆ. ಈ ಹುಡುಗಿ ಅಂಬೆಗಾಲಿಡುವಾಗ ಬೆರಳಿಗೆ ಸಾಸು ಹಚ್ಚಿ ನೆಕ್ಕಿಸಿದವಳೂ ಅವಳೇ ತಾನೆ.

"ಅಳ್ಬೇಡ. ಒಡೆದಿದ್ದು ಒಡೀತು, ಹೆಪ್ಪು ಉಳೀತಲ್ಲ. ಸೀಮೆಸುಣ್ಣ ತಗೋ, ನಾನು ತೋರ್ಸಿದ್ದಕ್ಕೆ ಗುರುತು ಹಾಕು."

"ಏನಂತ ಬರೀಲಿ?"

"ಏನೂ ಬರೀಬೇಡ ತಾಯಿ, ಒಂದು ಗೆರೆ ಎಳಿ ಸಾಕು!"

ಸೋಮವಾರ ಹಳೇ ಗುಡಾಣ ಲಾನಕ್ಕನ ರಜಾಯಿ ಹೊದ್ದು ಲಾರಿ ಏರಿತು. ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಅವಳೂ ಕೂತಳು. ಕೋಣೆಯ ಬೀಗದ ಕೈಯನ್ನು ಹೊಯ್-ಚಿಂಗ್‌ಳತ್ತ ಎಸೆದು, "ಬೇಗ ಬೀಗ ಜಡಿದು ಬಾರೇ, ಬಿಸಿಲು ಹೋಗ್ತದೆ!" ಎಂದು ಕೂಗಿದಳು.

ಹುಡುಗಿ ತಗಡಿನ ಕೋಣೆಯತ್ತ ಹೋದಳು. ಒಳಗೆ ಮಂಚವಿಲ್ಲ, ಒಲೆಯಿಲ್ಲ. ನಲವತ್ತೈದು ವರ್ಷ ತೆರೆದು ಮುಚ್ಚಿದ ಬಾಗಿಲ ಮೇಲೆ ಲಾನಕ್ಕನ ಸೊಟ್ಟ ಅಕ್ಷರದಲ್ಲಿ 'ಶುಭ' ಎಂದಿತ್ತು.

ಈ ಸಲ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಯ್-ಚಿಂಗ್ ಬೀಗ ಹಿಡಿದು ಅಲ್ಲೇ ನಿಂತು ಅತ್ತುಬಿಟ್ಟಳು.